ಹಿತ್ತಲ ಬಾಗಿಲ ಚಿಲಕ (ಊರಿನ ಕಂತು 4)

ಮಾರ್ಚ್‌ನಲ್ಲಿ ಮೂರು ವಾರ ಕ್ಲಾಸಿಗೆ ಯಾಕೆ ಬರ್ಲಿಲ್ಲ ಅಂತ ತುಂಬಾ ಜನ ಮೆಸೇಜ್ ಹಾಕಿದ್ರಿ. ‘ಮನೇಲಿ ಸ್ವಲ್ಪ ಪ್ರಾಬ್ಲಂ’ ಅಂತ ಎಲ್ಲರಿಗೂ ಒಂದೇ ಉತ್ತರ ಕಾಪಿ ಮಾಡಿ ಕಳಿಸಿದ್ದೆ. ಇವತ್ತು ಸರಿಯಾಗಿ ಹೇಳ್ತೀನಿ.

ಮೊದಲನೇ ಫೋಟೋ ನಮ್ಮ ಹಿತ್ತಲು. ಸಾಗರದಿಂದ ಒಳಗೆ, ಕಾಡಂಚಿನ ಮನೆ. ಎಡಕ್ಕೆ ಕೊಟ್ಟಿಗೆ, ಬಲಕ್ಕೆ ಬಾವಿ, ಮಧ್ಯೆ ಮೂರು ಕಲ್ಲಿನ ಮೆಟ್ಟಿಲು, ಅದರಾಚೆ ಮಿಡಿ ಮಾವಿನ ಮರ. ಅಪ್ಪನಿಗೆ 73. ನಾನು ತಡವಾಗಿ ಹುಟ್ಟಿದವಳು. ಕಾಲೇಜ್ ಡೇ ದಿನ ‘ನಿಮ್ಮಜ್ಜ ಬಂದಿದಾರೆ ನೋಡು’ ಅಂದವರು ಇಲ್ಲೇ ಇದೀರಿ, ಪರವಾಗಿಲ್ಲ.

ಯುಗಾದಿಗೆ ಇನ್ನೂ ದಿನ ಇತ್ತು. ಅಡಿಕೆ ಕೆಲಸ ಮುಗಿದು ಮನೆ ಖಾಲಿ ಖಾಲಿ ಅನ್ನಿಸೋ ಕಾಲ. ಮರ ಚಿಗುರುತ್ತೆ, ಮಿಡಿ ಬಿಡುತ್ತೆ, ಅಪ್ಪನ ಕಾಲು ಮನೆಯೊಳಗೆ ನಿಲ್ಲಲ್ಲ. ಅವತ್ತು ಅಮ್ಮ ನೆಂಟರ ಮನೆಗೆ ಹೋಗಿದ್ಲು. ನಾನು ಉಪ್ಪರಿಗೆಯಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ. ಓದ್ತಿದ್ದೆ ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಓದ್ತಿರ್ಲಿಲ್ಲ. ರೀಲ್ಸ್ ನೋಡ್ತಿದ್ದೆ.

ಕರಿಯ ಬೊಗಳಿದ್ದು ಹೆಡ್‌ಫೋನ್ ದಾಟಿ ಕೇಳಿಸ್ತು. ಈ ಕಾಲದಲ್ಲಿ ಮಂಗ ಬರೋದು ಮಾಮೂಲಿ, ನಾಯಿ ಬೊಗಳೋದೂ ಮಾಮೂಲಿ. ಎದ್ದು ನೋಡ್ಲಿಲ್ಲ. ಊಟಕ್ಕೆ ಕೆಳಗಿಳಿದಾಗ ಅಪ್ಪ ಮೆಟ್ಟಿಲ ಹತ್ತಿರ ಒಂದು ಪಕ್ಕಕ್ಕೆ ಬಿದ್ದಿದ್ದ. ಎಷ್ಟು ಹೊತ್ತಾಗಿತ್ತು ಅಂದ್ರೆ, ಬೀಳುವಾಗ ನೆರಳಿದ್ದ ಜಾಗಕ್ಕೆ ಬಿಸಿಲು ಬಂದಿತ್ತು. ‘ಕೂಗಿದೆ, ನಿಂಗೆ ಕೇಳಿಲ್ಲ ಅನ್ಸುತ್ತೆ’ ಅಂದ, ನನ್ನನ್ನೇ ಸಮಾಧಾನ ಮಾಡೋ ಥರ.

ಮಣಿಕಟ್ಟು ಮುರಿದಿತ್ತು. ಸೊಂಟ ಉಳೀತು. ಕಾಲು ಜಾರಿರಬೇಕು ಅಂದ್ಕೊಂಡಿದ್ವಿ, ಜಾರಿರ್ಲಿಲ್ಲ. ಬಗ್ಗಿ ಮಿಡಿ ಆರಿಸ್ತಾ ಇದ್ದವನು ಥಟ್ಟನೆ ಎದ್ದಿದಾನೆ, ಕಣ್ಣು ಕತ್ತಲೆ ಬಂದಿದೆ. ಡಾಕ್ಟ್ರು ಕೂರಿಸಿ ಬಿಪಿ ನೋಡಿದ್ರು, 136. ನಿಲ್ಲಿಸಿ ಎರಡು ನಿಮಿಷ ಬಿಟ್ಟು ನೋಡಿದ್ರು, 108. ಎದ್ದು ನಿಂತಾಗ ಮೇಲಿನ ಸಂಖ್ಯೆ 20 ಇಳಿದ್ರೂ ಲೆಕ್ಕಕ್ಕೆ ತಗೋಬೇಕಂತೆ. ಅಪ್ಪನ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಹೋಗಿಸೋ ಔಷಧಿಯೂ ಇತ್ತು. ಅದರ ಮೇಲೆ ಮಾರ್ಚಿನ ಬಿಸಿಲು. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗೋದೂ ಇಲ್ಲ. ಮಾತ್ರೆಯನ್ನ ಡಾಕ್ಟ್ರೇ ಬದಲಾಯಿಸಿದ್ರು. (ನೀವಾಗೇ ನಿಲ್ಲಿಸೋಕೆ ಹೋಗ್ಬೇಡಿ, ಪ್ಲೀಸ್.)

ಮನೆಗೆ ಬಂದವಳೇ ನಾನು ಮಾಡಿದ ಮೊದಲ ಕೆಲಸ ಹಿತ್ತಲ ಬಾಗಿಲ ಮೇಲಿನ ಚಿಲಕ ಹಾಕಿದ್ದು. ಕೈಗೆ ಬ್ಯಾಂಡೇಜ್ ಇದ್ದವನಿಗೆ ಅದು ಎಟುಕಲ್ಲ. ಅಪ್ಪ ಜಗಲಿಯಲ್ಲಿ ಕೂತ. ಎರಡು ದಿನ ಜಗಳ ಆಡಿದ. ಮೂರನೇ ದಿನದಿಂದ ಜಗಳವೂ ಇಲ್ಲ. ಊಟಕ್ಕೆ ಕರೆದ್ರೆ ಬರ್ತಾನೆ, ಅರ್ಧಕ್ಕೆ ಏಳ್ತಾನೆ. ಟಿವಿ ಹಾಕಿದ್ರೆ ನೋಡ್ತಾನೆ, ಆಫ್ ಮಾಡಿದ್ರೂ ಅದನ್ನೇ ನೋಡ್ತಾನೆ. ನಾನು ಫೋನಲ್ಲಿ ಅಕ್ಕನಿಗೆ ‘ಈಗ ಸೇಫ್ ಆಗಿದಾನೆ’ ಅಂತ ಹೇಳ್ತಿದ್ದೆ.

ಒಂದು ರಾತ್ರಿ ಕೇಳಿದ: ‘ಆ ಚಿಲಕ ನೀ ಹಾಕಿದ್ದಾ, ಡಾಕ್ಟ್ರು ಹಾಕಿ ಅಂದಿದ್ದಾ?’

ಡಾಕ್ಟ್ರು ಅಂದಿರ್ಲಿಲ್ಲ. ನಡೀಬೇಕು, ಇಲ್ದಿದ್ರೆ ಕಾಲಿನ ಶಕ್ತಿ ಹೋಗಿ ಇನ್ನೂ ಬೇಗ ಬೀಳ್ತಾರೆ ಅಂದಿದ್ರು. ನಂಗೆ ಭಯ ಆಗಿತ್ತು, ನಾನು ಹಾಕಿದ್ದೆ. ಹಾಗೇ ಹೇಳಿದೆ. ಅಪ್ಪ ‘ಹ್ಞೂಂ’ ಅಂದ ಅಷ್ಟೇ.

ಮಾರನೇ ದಿನ ಚಿಲಕ ತೆಗೆದೆ. ಎರಡನೇ ಫೋಟೋಗೆ ಸ್ವೈಪ್ ಮಾಡಿ. ಮೆಟ್ಟಿಲ ಪಕ್ಕ ಬಿದಿರಿನ ಹಿಡಿಕೆ ಕಾಣುತ್ತಲ್ಲ, ಪಕ್ಕದ ಮನೆ ಅಣ್ಣ ಒಂದೇ ಮಧ್ಯಾಹ್ನದಲ್ಲಿ ಕಟ್ಟಿಕೊಟ್ಟಿದ್ದು. ಮೆಟ್ಟಿಲಂಚಿಗೆ ಬಿಳಿ ಪೇಂಟ್ ನಾನೇ ಹೊಡೆದೆ, ಸೊಟ್ಟಗಿದೆ. ತಳ ಸವೆದ ಹವಾಯಿ ಚಪ್ಪಲಿ ಹೋಯ್ತು, ಹಿಂದೆ ಪಟ್ಟಿ ಇರೋದು ಬಂತು. ಮರದಡಿ ಒಂದು ಕುರ್ಚಿ, ಬಗ್ಗದೇ ಮಿಡಿ ಎಳ್ಕೊಳ್ಳೋಕೆ ಉದ್ದ ಕೋಲು. ಹೊರಗಿರೋದು ಬೆಳಗ್ಗೆ ಒಂಬತ್ತರ ತನಕ, ಮತ್ತೆ ಸಂಜೆ ಬಿಸಿಲು ಇಳಿದ ಮೇಲೆ. ‘ನೀರು ಬೇಕಾ’ ಅಂತ ಕೇಳಿದ್ರೆ ಯಾವಾಗ್ಲೂ ಬೇಡ ಅಂತಾನೆ, ಹಾಗಾಗಿ ಕೇಳಲ್ಲ, ಉಪ್ಪು ಹಾಕದ ಮಜ್ಜಿಗೆ ತಂದು ಕೈಗೇ ಕೊಡೋದು.

ಒಂದು ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡ್ಲಿಲ್ಲ: ದರಗು. ಒಣಗಿದ ಎಲೆ ಗುಡಿಸಿ ಕೊಟ್ಟಿಗೆಗೆ ತರೋದು ಅಪ್ಪನ ಇಷ್ಟದ ಕೆಲಸ. ಆದ್ರೆ ನಮ್ಮ ಕಡೆ ಮಂಗನ ಕಾಯಿಲೆ ಜೋರಾಗೋದು ಇದೇ ತಿಂಗಳುಗಳಲ್ಲಿ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ್ದು, ರೋಗದ ಹೆಸರಲ್ಲೇ ಆ ಊರಿದೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತಿದ್ದು ಇಲ್ಲಿ ಯಾರೂ ಮರೆತಿಲ್ಲ. ಹರಡೋದು ಉಣುಗಿನಿಂದ, ಆ ಉಣುಗು ಇರೋದು ಅದೇ ದರಗಿನಲ್ಲಿ. ಹಾಗಾಗಿ ಕಾಡಿನ ದರಗು ಪೂರ್ತಿ ಬಂದ್. ಹಿತ್ತಲಲ್ಲಿ ಓಡಾಡುವಾಗ್ಲೂ ತುಂಬುತೋಳಿನ ಅಂಗಿ, ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆ, ವಾಪಸ್ ಬಂದ್ಮೇಲೆ ಬಿಸಿನೀರ ಸ್ನಾನ. ಮಂಗ ಸತ್ತುಬಿದ್ದಿದ್ದು ಕಂಡ್ರೆ ಹತ್ರ ಹೋಗದೆ ಆರೋಗ್ಯ ಕೇಂದ್ರಕ್ಕೆ ಫೋನ್. ಜ್ವರದ ಜೊತೆ ವಿಪರೀತ ತಲೆನೋವು, ಮೈಕೈ ನೋವು ಬಂದ್ರೆ ಕಷಾಯ ಕುಡೀತಾ ಕೂರೋ ಹಾಗಿಲ್ಲ.

ಇನ್ನು ಉಳಿದಿದ್ದು, ಬಿದ್ರೆ ಗೊತ್ತಾಗೋದು ಹೇಗೆ ಅನ್ನೋದು. ಫೋನ್ ಜೇಬಲ್ಲಿ ಇಟ್ಕೊಳ್ಳಲ್ಲ. ಕೊರಳಿಗೆ ಸೀಟಿ ಹಾಕೋಕೆ ಹೋದೆ, ‘ನಾನೇನು ಬಸ್ ಕಂಡಕ್ಟರ್ರಾ?’ ಅಂದ. ಕೊನೆಗೆ ಅವನೇ ದಾರಿ ಹೇಳ್ದ. ಮೊದಲೆಲ್ಲ ತೋಟದಲ್ಲಿ ಒಬ್ಬರಿಗೊಬ್ಬರು ‘ಕೂ’ ಹಾಕ್ತಿದ್ರಲ್ಲ, ಅದು. ಕಾಲು ಗಂಟೆಗೊಂದ್ಸಲ ನಾನು ‘ಕೂ’ ಅನ್ನೋದು, ಅವನು ಆ ಕಡೆಯಿಂದ ‘ಕೂ’ ಅನ್ನೋದು. ಹೆಡ್‌ಫೋನ್ ಹಾಕಿದ್ರೆ ಇದು ಆಗಲ್ಲ. ಈಗ ನಾನಿಲ್ಲಿ ಹಾಸ್ಟೆಲಲ್ಲಿ ಇದ್ದೀನಿ, ಅಲ್ಲಿ ಅಮ್ಮ ಕೂಗ್ತಾಳೆ.

ನಾನು ಹೊರಡೋ ಹಿಂದಿನ ದಿನ ‘ಕೂ’ ಅಂದೆ, ಉತ್ತರ ಇಲ್ಲ. ಇನ್ನೊಂದ್ಸಲ ಕೂಗಿದೆ, ಇಲ್ಲ. ಕರಿಯನೂ ಬೊಗಳ್ತಿಲ್ಲ. ಚಪ್ಪಲಿ ಕೂಡ ಹಾಕದೆ ಓಡಿದೆ. ಅಪ್ಪ ಮರದಡಿ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ, ತೊಡೆ ಮೇಲೆ ಮಿಡಿ ಬುಟ್ಟಿ. ನನ್ನ ಮುಖ ನೋಡಿ ಗಾಬರಿಯಾಗಿ ಎದ್ದ, ನಿಧಾನಕ್ಕೇ ಎದ್ದ. ಪಕ್ಕಕ್ಕೆ ತಿರುಗಿ ಉಗಿದು ಬಂದು ಹೇಳಿದ: ‘ಬಾಯಲ್ಲಿ ಕವಳ ಇತ್ತು ಮಾರಾಯ್ತಿ, ಹ್ಯಾಗೆ ಕೂಗ್ಲಿ?’

ಕೊನೇ ಫೋಟೋ ಆ ಬುಟ್ಟಿಯದ್ದೇ. ಉಪ್ಪಿನಕಾಯಿ ಹಾಸ್ಟೆಲಿಗೆ ಬಂದಿದೆ, ಬೇಕಾದವರು ತಟ್ಟೆ ತಗೊಂಡು ಬನ್ನಿ.