ಪ್ರೊಸೆಸರ್ ಯಾವ್ದು ಅಂತ ಕೇಳೋ ಮುಂಚೆ ನಿಮ್ಮೂರಿನ ಟವರ್ ಯಾವ್ದು ಹೇಳಿ

(1/7)

ಡಿಎಂ ತೆಗೆದ್ರೆ ಒಂದೇ ಪ್ರಶ್ನೆ. “ಸ್ನ್ಯಾಪ್‌ಡ್ರಾಗನ್ ಒಳ್ಳೇದಾ, ಮೀಡಿಯಾಟೆಕ್ ಒಳ್ಳೇದಾ?” ಕ್ಲಾಸಲ್ಲೂ ಅದೇ, ಶಿರಸಿ ಬಸ್‌ಸ್ಟ್ಯಾಂಡಲ್ಲೂ ಅದೇ. ಕೆಲವರಂತೂ ಐಪಿಎಲ್ ಟೀಮಿಗೆ ಜಗಳ ಆಡೋ ಹಾಗೆ ಆಡ್ತಾರೆ ಮಾರಾಯ್ರೆ!

ಹಾಗಾಗಿ ಈ ಸಲದ ಸರಣಿ ಪೂರ್ತಿ ಚಿಪ್ ಬಗ್ಗೆ. ಆದ್ರೆ ಯೂಟ್ಯೂಬ್ ರಿವ್ಯೂ ಮಾಡೋರು ಹೇಳೋ ಲೆಕ್ಕದಲ್ಲಲ್ಲ. ಅವರ ಸ್ಟುಡಿಯೋದಲ್ಲಿ ಎಸಿ ಇದೆ, ವೈಫೈ ಇದೆ. ನಮ್ಮಲ್ಲಿ ಜೂನ್ ಬಂತು ಅಂದ್ರೆ ಮಳೆ, ಮಳೆ ಬಂದ್ರೆ ಕರೆಂಟ್ ಇಲ್ಲ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಇಲ್ಲ. ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿಯುವಾಗ, ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವಾಗ ಹಾಡು ಅರ್ಧಕ್ಕೆ ನಿಲ್ಲೋದು ನಮಗೆಲ್ಲ ಗೊತ್ತು. ಸಿದ್ದಾಪುರದ ಒಳಗಿನ ಊರುಗಳ ಕಥೆ ಕೇಳೋದೇ ಬೇಡ.

2020 ನೆನಪಿದೆಯಾ? ಆನ್‌ಲೈನ್ ಕ್ಲಾಸ್ ಶುರು ಆದಾಗ ನಮ್ಮಲ್ಲಿ ಎಷ್ಟು ಜನ ಕೊಡೆ ಹಿಡ್ಕೊಂಡು ಗುಡ್ಡ ಹತ್ತಿದ್ವಿ! ಮೇಲೆ ಹೋದವರಲ್ಲಿ ಕೆಲವರ ಫೋನಿಗೆ ಸಿಗ್ನಲ್ ಸಿಗ್ತಿತ್ತು, ಪಕ್ಕದಲ್ಲೇ ಕೂತವರಿಗೆ ಸಿಗ್ತಿರ್ಲಿಲ್ಲ. ಒಂದೇ ಗುಡ್ಡ, ಒಂದೇ ಸಿಮ್. ಆಗ ಎಲ್ಲರೂ “ಅವ್ನ ಫೋನ್ ಚೊಲೋ ಇದ್ದು” ಅಂತ ಹೇಳಿ ಸುಮ್ಮನಾಗ್ತಿದ್ರು. ಆ ‘ಚೊಲೋ’ ಅಂದ್ರೆ ನಿಜವಾಗಿ ಎಂತದು? ಅದನ್ನೇ ಈ ಏಳು ಭಾಗಗಳಲ್ಲಿ ಬಿಡಿಸಿ ನೋಡೋಣ.

ಮೊದಲು ಒಂದು ವಿಷ್ಯ ಸ್ಪಷ್ಟ ಮಾಡ್ಕೊಳ್ಳಿ. ನಾವು ಪ್ರೊಸೆಸರ್ ಅಂತ ಕರೆಯೋ ಉಗುರಿನಷ್ಟು ಚಿಪ್‌ನಲ್ಲಿ ಲೆಕ್ಕ ಮಾಡೋ ಸಿಪಿಯು ಒಂದೇ ಇರೋದಲ್ಲ. ಗೇಮ್ ಚಿತ್ರ ಬಿಡಿಸೋ ಜಿಪಿಯು, ಫೋಟೋ ತಿದ್ದೋ ಭಾಗ, ಜಿಪಿಎಸ್, ಟವರ್ ಜತೆ ಮಾತಾಡೋ ಮೋಡೆಮ್, ಎಲ್ಲ ಒಂದೇ ಸೂರಿನ ಕೆಳಗೆ ಇರತ್ತೆ. ಅಂಗಡಿಯವರು ಸಿಪಿಯು ಬಗ್ಗೆ ಮಾತ್ರ ಮಾತಾಡ್ತಾರೆ. ನಮ್ಮ ದಿನ ನಡೆಯೋದು ಉಳಿದವುಗಳ ಮೇಲೆ.

(2/7)

“ಆಕ್ಟಾ ಕೋರ್ ಇದೆ ಸಾರ್, ಎಂಟು ಕೋರ್!” ಅಂತಾರೆ. ಎಂಟು ಅಂದ ಕೂಡ್ಲೇ ಎಂಟು ಜನ ಗಟ್ಟಿ ಆಳು ಅಂದ್ಕೋಬೇಡಿ.

ಕೊನೆ ಕೊಯ್ಲಿನ ದಿನ ತೋಟಕ್ಕೆ ಎಂಟು ಜನ ಬಂದ್ರು ಅಂತಿಟ್ಕೊಳ್ಳಿ. ಎಂಟೂ ಜನ ಕೊನೆಗೌಡ್ರಾ? ಅಲ್ಲ. ಮರ ಹತ್ತೋರು ಇಬ್ಬರು. ಉಳಿದವರು ಕೊನೆ ಹೊರೋರು, ಉದುರಿದ್ದು ಹೆಕ್ಕೋರು, ಸುಲಿಯೋರು. 20 ಸಾವಿರದ ಒಳಗಿನ ಹೆಚ್ಚಿನ ಫೋನಲ್ಲಿ ಇದೇ ಲೆಕ್ಕ: ಎರಡು ದೊಡ್ಡ ಕೋರ್, ಆರು ಸಣ್ಣ ಕೋರ್. ವಾಟ್ಸಾಪ್ ಮೆಸೇಜ್ ಬಂದ್ರೆ, ಹಾಡು ಕೇಳ್ತಿದ್ರೆ ಸಣ್ಣವು ಸಾಕು, ಬ್ಯಾಟರಿಯೂ ಉಳಿಯತ್ತೆ. ಆ್ಯಪ್ ತೆರೆಯುವಾಗ, ಕ್ಯಾಮೆರಾ ಒತ್ತಿದಾಗ, ಭಾರದ ವೆಬ್‌ಸೈಟ್ ಬಿಚ್ಚುವಾಗ ದೊಡ್ಡವು ಮರ ಹತ್ತತ್ತೆ. ಸಣ್ಣ ಸಣ್ಣ ಕೆಲಸ ಸಣ್ಣವಕ್ಕೆ, ಭಾರದ್ದು ದೊಡ್ಡವಕ್ಕೆ ಅನ್ನೋ ಈ ಪದ್ಧತಿಯನ್ನ ಬ್ರಿಟನ್ನಿನ ಆರ್ಮ್ ಕಂಪನಿ 2011ರಲ್ಲಿ ತಂದಿದ್ದು.

ಹಾಗಾಗಿ “ಕೋರ್ ಎಷ್ಟು” ಅಂತ ಕೇಳಬೇಡಿ. “ದೊಡ್ಡ ಕೋರ್ ಯಾವ್ದು” ಅಂತ ಕೇಳಿ. ಫೋನ್ ಕೈಗೆ ಚುರುಕು ಅನ್ಸೋದು, ಸುಸ್ತು ಅನ್ಸೋದು ಹೆಚ್ಚಾಗಿ ಆ ಎರಡರಿಂದ.

(3/7)

ಈಗ ಗಿಗಾಹರ್ಟ್ಸ್ ಮತ್ತೆ ಹೆಸರಿನ ಆಟ.

ಸ್ನ್ಯಾಪ್‌ಡ್ರಾಗನ್ 680 (2021): ದೊಡ್ಡ ಕೋರ್ 2.4 ಗಿಗಾಹರ್ಟ್ಸ್.
ಹೀಲಿಯೋ ಜಿ99 (2022): ದೊಡ್ಡ ಕೋರ್ 2.2 ಗಿಗಾಹರ್ಟ್ಸ್.

ಎರಡೂ 6 ನ್ಯಾನೋಮೀಟರ್, ಎರಡೂ 4ಜಿ. ಅಂಕಿ ನೋಡಿದ್ರೆ 680 ಮುಂದೆ. ಬಳಸಿ ನೋಡಿದ್ರೆ ಜಿ99 ಸ್ಪಷ್ಟವಾಗಿ ಮುಂದೆ. ಯಾಕೆ? 680ರ ದೊಡ್ಡ ಕೋರ್ ಆರ್ಮ್‌ನವರ ಎ73 ಮೇಲೆ ಕಟ್ಟಿದ್ದು, ಅದು 2016ರ ವಿನ್ಯಾಸ. ಜಿ99ರಲ್ಲಿರೋದು ಎ76, 2018ರದ್ದು. ಗಿಗಾಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಕತ್ತಿ ಬೀಸ್ತಾನೆ ಅನ್ನೋ ಲೆಕ್ಕ ಅಷ್ಟೇ. ಒಂದು ಬೀಸಿಗೆ ಎಷ್ಟು ಕೆಲಸ ಆಗತ್ತೆ ಅನ್ನೋದು ವಿನ್ಯಾಸದ ಕೈಲಿದೆ.

ಹೆಸರೂ ಹಾಗೇ. ಡೈಮೆನ್ಸಿಟಿ 810 ಬಂದಿದ್ದು 2021ರಲ್ಲಿ. 2023ರಲ್ಲಿ 6080, 2024ರಲ್ಲಿ 6300. ಮೂರರಲ್ಲೂ 6 ನ್ಯಾನೋಮೀಟರ್, 2.4 ಗಿಗಾಹರ್ಟ್ಸಿನ ಎರಡು ಎ76, ಆರು ಎ55. ಸಿಪಿಯು ಮಟ್ಟಿಗೆ ಅದೇ ಅಡಿಕೆ, ಚೀಲ ಮಾತ್ರ ಹೊಸದು! ಚಿಪ್ ಕೆಟ್ಟದು ಅಂತಲ್ಲ. ಆದ್ರೆ “ಹೊಸ ಜನರೇಶನ್” ಅಂತ ಹೇಳಿ ಎರಡು ಸಾವಿರ ಜಾಸ್ತಿ ಕೇಳಿದ್ರೆ ಕೊಡಬೇಡಿ.

ಸ್ನ್ಯಾಪ್‌ಡ್ರಾಗನ್ನಾ, ಮೀಡಿಯಾಟೆಕ್ಕಾ ಅನ್ನೋ ಜಗಳ ಇಲ್ಲಿಗೇ ಮುಗೀತು ಅಂದ್ಕೊಳ್ತೀನಿ. ಎರಡೂ ಕಂಪನಿ ಒಳ್ಳೇದನ್ನೂ ಮಾಡಿದೆ, ಸಾಧಾರಣದ್ದನ್ನೂ ಮಾಡಿದೆ. ಬ್ರ್ಯಾಂಡ್ ನೋಡಬೇಡಿ, ಮಾಡೆಲ್ ನೋಡಿ.

(4/7)

ನ್ಯಾನೋಮೀಟರ್ ಅಂದ್ರೆ ಎಂತ? ಚಿಪ್ ತಯಾರಿಸೋ ತಂತ್ರಜ್ಞಾನದ ಪೀಳಿಗೆಯ ಹೆಸರು ಅಂತ ತಿಳ್ಕೊಳ್ಳಿ. ಸಂಖ್ಯೆ ಕಡಿಮೆ ಆದಷ್ಟೂ ಸಾಮಾನ್ಯವಾಗಿ ಅದೇ ಕೆಲಸಕ್ಕೆ ಕಮ್ಮಿ ಕರೆಂಟ್, ಕಮ್ಮಿ ಬಿಸಿ.

ಹೀಲಿಯೋ ಜಿ85 (2020) 12 ನ್ಯಾನೋಮೀಟರಿನದು. ಸ್ನ್ಯಾಪ್‌ಡ್ರಾಗನ್ 4 ಜೆನ್ 2 (2023) 4 ನ್ಯಾನೋಮೀಟರಿನದು. ಎರಡೂ ಬಜೆಟ್ ಫೋನಿನ ಚಿಪ್‌ಗಳೇ. ಒಂದು ಗಂಟೆ ವಿಡಿಯೋ ಕ್ಲಾಸ್ ಓಡಿಸಿದಾಗ ಯಾವುದು ಕೈ ಸುಡತ್ತೆ ಅಂತ ನೀವೇ ಊಹಿಸಿ. ಚಿಪ್ ಬಿಸಿ ಏರಿದಾಗ ತನ್ನ ವೇಗ ತಾನೇ ಇಳಿಸ್ಕೊಳ್ಳತ್ತೆ. ಮೊದಲ ಹತ್ತು ನಿಮಿಷ ನೀಟಾಗಿ ಓಡಿದ ಫೋನು ಆಮೇಲೆ ತಡವರಿಸೋದು ಇದಕ್ಕೇ. ರಿವ್ಯೂಗಳಲ್ಲಿ ಹೆಚ್ಚಾಗಿ ತೋರಿಸೋದು ಆ ಮೊದಲ ಹತ್ತು ನಿಮಿಷ.

ಆದ್ರೆ ಬರೀ ಸಂಖ್ಯೆ ನಂಬಬೇಡಿ. ಸ್ನ್ಯಾಪ್‌ಡ್ರಾಗನ್ 8 ಜೆನ್ 1 ಸ್ಯಾಮ್‌ಸಂಗ್ ಕಾರ್ಖಾನೆಯ 4 ನ್ಯಾನೋಮೀಟರಿನದು, ಬಿಸಿಯಾಗೋದಕ್ಕೇ ಹೆಸರುವಾಸಿ ಆಯ್ತು. 2022ರ ಮೇ ತಿಂಗಳಲ್ಲಿ ಅದೇ ವಿನ್ಯಾಸವನ್ನ ತೈವಾನಿನ ಟಿಎಸ್‌ಎಂಸಿಯಲ್ಲಿ ಮಾಡಿಸಿ 8 ಪ್ಲಸ್ ಜೆನ್ 1 ಅಂತ ತಂದ್ರು. ಅದೂ 4 ನ್ಯಾನೋಮೀಟರೇ. ಕರೆಂಟ್ ಖರ್ಚು 30%ವರೆಗೆ ಕಡಿಮೆ ಅಂತ ಕ್ವಾಲ್ಕಾಮ್ ತಾನೇ ಹೇಳ್ಕೊಂಡಿತು. ಅಡುಗೆ ಅದೇ, ಒಲೆ ಬೇರೆ.

ನಮ್ಮೂರಿಗೆ ಇದು ಯಾಕೆ ಮುಖ್ಯ ಗೊತ್ತಾ? ಸಿಗ್ನಲ್ ವೀಕ್ ಇದ್ದಾಗ ಫೋನು ದೂರದ ಟವರಿಗೆ ಕೇಳಿಸೋ ಹಾಗೆ ಜೋರಾಗಿ ಕೂಗಬೇಕು. ಬ್ಯಾಟರಿ ಅಲ್ಲೇ ಅರ್ಧ ಖಾಲಿ, ಬಿಸಿಯೂ ಅಲ್ಲೇ ಶುರು. ಹುಬ್ಬಳ್ಳಿಯಲ್ಲಿ ರಾತ್ರಿವರೆಗೆ ಬರೋ ಚಾರ್ಜು ಕಾಡಿನ ಊರಲ್ಲಿ ಮಧ್ಯಾಹ್ನಕ್ಕೇ ಮುಗಿಯೋದು ಇದ್ರಿಂದ. ಅಲ್ಲಿ ಕರೆಂಟೂ ಇಲ್ಲ ಅಂದ್ರೆ? ಹಾಗಾಗಿ ನಮಗೆ ಅತಿ ವೇಗದ ಚಿಪ್‌ಗಿಂತ ಮಿತವಾಗಿ ಉಣ್ಣೋ ಚಿಪ್ ಬೇಕು.

(5/7)

“8+8, ಒಟ್ಟು 16 ಜಿಬಿ ರ‍್ಯಾಮ್!” ಈ ಮಾತಿಗೆ ಬೀಳೋ ಮುಂಚೆ ಅಂಗಳ ನೆನಪಿಸ್ಕೊಳ್ಳಿ.

ರ‍್ಯಾಮ್ ಅಂದ್ರೆ ಅಂಗಳ. ಈಗ ಕೆಲಸ ನಡೀತಿರೋ ಅಡಿಕೆ ಹರವಿರೋ ಜಾಗ. ಸ್ಟೋರೇಜ್ ಅಂದ್ರೆ ಅಟ್ಟ. ಆ ‘ಪ್ಲಸ್ 8’ ಅಂದ್ರೆ ಅಟ್ಟದ ಒಂದು ಮೂಲೆಯನ್ನೇ ಅಂಗಳ ಅಂತ ಕರೆಯೋದು. ತುರ್ತಿಗೆ ಆಗತ್ತೆ, ಅಂಗಳದ ಬಿಸಿಲು ಬರತ್ತಾ?

ಇನ್ನೊಂದು, ಅಟ್ಟಕ್ಕೆ ಹತ್ತೋ ಏಣಿ. ಅದು ಎರಡು ಥರ: ಇಎಂಎಂಸಿ ಮತ್ತೆ ಯುಎಫ್‌ಎಸ್. ಇಎಂಎಂಸಿ ಏಣಿಯಲ್ಲಿ ಒಂದು ಸಲಕ್ಕೆ ಹತ್ತಬೇಕು, ಇಲ್ಲಾ ಇಳಿಯಬೇಕು. ಯುಎಫ್‌ಎಸ್‌ನಲ್ಲಿ ಎರಡೂ ಒಟ್ಟಿಗೆ, ವೇಗವೂ ಎಷ್ಟೋ ಪಾಲು ಜಾಸ್ತಿ. ಏಣಿ ಯಾವುದು ಹಾಕಬಹುದು ಅನ್ನೋದನ್ನ ಚಿಪ್ಪೇ ನಿರ್ಧರಿಸತ್ತೆ. ಜಿ85ಗೆ ಇಎಂಎಂಸಿ 5.1 ಮಾತ್ರ. ಜಿ99ಗೆ ಯುಎಫ್‌ಎಸ್ 2.2 ಹಾಕಬಹುದು. ಫೋನ್ ಎರಡು ವರ್ಷಕ್ಕೇ ‘ಮುದುಕ’ ಆಯ್ತು ಅಂತ ಬೈತೀವಲ್ಲ, ಎಷ್ಟೋ ಸಲ ತಪ್ಪು ಸಿಪಿಯುದ್ದಲ್ಲ. ಇಎಂಎಂಸಿ ಏಣಿ, ಅದರ ತುದಿಯಲ್ಲಿ ಗುಡ್ ಮಾರ್ನಿಂಗ್ ಫೋಟೋ ತುಂಬಿ ತುಳುಕೋ ಅಟ್ಟ.

(6/7)

ಈಗ ಅಸಲಿ ವಿಷ್ಯ. ಮೋಡೆಮ್.

ನಮ್ಮನೆ ಹತ್ರದ ಅಕ್ಕ ಒಬ್ರು, ಅಡಿಕೆ ಸುಲಿಯೋಕೆ ಹೋಗೋರು. ಮಗಳು ಡಿಗ್ರಿ ಮೊದಲ ವರ್ಷ. ಸುಲಿದ ದುಡ್ಡಲ್ಲಿ 11 ಸಾವಿರ ಕೂಡಿಟ್ಟಿದ್ರು. ಮಗಳ ಫೋನು ಮನೇಲಿ ತಿರುಗ್ತಾ ಕೂರತ್ತೆ, ಸ್ಕಾಲರ್‌ಶಿಪ್ ಅರ್ಜಿಯ ಪೇಜೂ ತೆರೆಯಲ್ಲ. ಅಂಗಡಿಯಲ್ಲಿ “ಪ್ರೊಸೆಸರ್ ಹಳೇದಾಯ್ತು, 26 ಸಾವಿರದ್ದು ಇಎಂಐ ಮಾಡಿ” ಅಂದ್ರಂತೆ. ಅಕ್ಕ ಬಂದು ಕೇಳಿದ್ರು: “ಸಾಲ ಮಾಡೂದೇ ಸೈಯಾ ತಮಾ?”

ಫೋನ್ ತಗೊಂಡು ಏರೋಪ್ಲೇನ್ ಮೋಡಿಗೆ ಹಾಕ್ದೆ. ಗ್ಯಾಲರಿ ತೆರೆದೆ, ಕ್ಯಾಮೆರಾ ತೆರೆದೆ, ನೂರು ಪುಟದ ಪಿಡಿಎಫ್ ಸರಿಸಿದೆ. ಚಕಚಕ ಅಂತ ಓಡ್ತು. ಚಿಪ್ ಆರೋಗ್ಯವಾಗೇ ಇದೆ! ಶಿರಸಿ ಪೇಟೆಯಲ್ಲಿ ಅದೇ ಫೋನು ಚೆನ್ನಾಗೇ ಓಡತ್ತೆ ಅಂತ ಮಗಳೂ ಹೇಳಿದ್ಳು. ಹಾಗಾದ್ರೆ ಮನೇಲಿ ಎಂತಾಯ್ತು?

ಅವರ ಮನೆಗೆ ಸಿಗೋದು ಬಿಎಸ್‌ಎನ್‌ಎಲ್‌ನ ಹೊಸ 4ಜಿ ಟವರ್ ಒಂದೇ. ಬಿಎಸ್‌ಎನ್‌ಎಲ್ 4ಜಿ 700 ಮತ್ತು 2100 ಮೆಗಾಹರ್ಟ್ಸಿನಲ್ಲಿ ಬರತ್ತೆ. 700 ಅಂದ್ರೆ ಬ್ಯಾಂಡ್ 28. ಕಡಿಮೆ ಕಂಪನಾಂಕದ ಅಲೆ ದೂರ ಹೋಗತ್ತೆ, ಮರ, ಗೋಡೆ ದಾಟತ್ತೆ, ಗುಡ್ಡದ ಅಂಚಲ್ಲೂ ಸ್ವಲ್ಪ ಬಾಗತ್ತೆ. ನಮ್ಮಂಥ ಊರಿಗೆ ಹೇಳಿ ಮಾಡಿಸಿದ್ದು. ಆದ್ರೆ ಆ ಹಳೇ ಫೋನಿನ ಬ್ಯಾಂಡ್ ಪಟ್ಟಿಯಲ್ಲಿ 1, 3, 5, 8, 40, 41 ಇತ್ತು, 28 ಇರ್ಲಿಲ್ಲ. ಇಲ್ಲಿ ಗಮನಿಸಿ: ಚಿಪ್‌ಗೆ ಒಂದು ಬ್ಯಾಂಡ್ ಬರತ್ತೆ ಅಂದಮಾತ್ರಕ್ಕೆ ಫೋನಲ್ಲಿ ಅದು ಇರತ್ತೆ ಅಂತಲ್ಲ. ಅದಕ್ಕೆ ಬೇಕಾದ ಆಂಟೆನಾ, ಫಿಲ್ಟರ್ ಫೋನ್ ಕಂಪನಿ ಹಾಕಬೇಕು.

11 ಸಾವಿರದ ಒಳಗೇ ಬ್ಯಾಂಡ್ 28 ಇರೋ ಫೋನ್ ಸಿಕ್ತು. ಬೆಂಚ್‌ಮಾರ್ಕ್ ಅಂಕದಲ್ಲಿ ಹಳೇದಕ್ಕಿಂತ ಕಮ್ಮೀನೇ. ಆದ್ರೆ ಆ ಮನೆಯ ಜಗಲಿಯಲ್ಲಿ ಅದೇ ಫಾಸ್ಟ್. ಅರ್ಜಿ ಕೊನೇ ದಿನಕ್ಕೆ ಮುಂಚೆ ಹೋಯ್ತು. ಸಾಲ ಆಗ್ಲಿಲ್ಲ.

5ಜಿಯಲ್ಲೂ ಇಂಥದ್ದೇ ಇದೆ. 2022ರಲ್ಲಿ ಜಿಯೋ ಸ್ವತಂತ್ರ 5ಜಿ ಕಟ್ಟಿತು, ಏರ್‌ಟೆಲ್ 4ಜಿಯ ಬೆನ್ನ ಮೇಲೆ ಕೂರೋ 5ಜಿ ಶುರು ಮಾಡ್ತು. 2024ರ ನವೆಂಬರಿನಲ್ಲಿ ಬಂದ ರೆಡ್ಮಿ ಎ4 5ಜಿ, ಅದರೊಳಗಿನ ಸ್ನ್ಯಾಪ್‌ಡ್ರಾಗನ್ 4ಎಸ್ ಜೆನ್ 2, ಮೊದಲನೇ ಥರದ್ದಕ್ಕೆ ಮಾತ್ರ. ಬಿಡುಗಡೆ ಹೊತ್ತಿಗೆ ಏರ್‌ಟೆಲ್ ಸಿಮ್ ಹಾಕಿದವರಿಗೆ ಅದು 4ಜಿ ಫೋನೇ. ಬಾಕ್ಸ್ ಮೇಲೆ ಮಾತ್ರ ದೊಡ್ಡದಾಗಿ 5ಜಿ!

(7/7)

ಕೊನೇದು ಜಿಪಿಎಸ್. “ನಾನು ಓಲಾ ಓಡಿಸ್ತೀನಾ?” ಅನ್ನಬೇಡಿ. 2020ರಿಂದ ರೈತರೇ ಆ್ಯಪಲ್ಲಿ ಬೆಳೆ ಸಮೀಕ್ಷೆ ಮಾಡಬಹುದು. ನಿಮ್ಮನೇಲಿ ಆ ಕೆಲಸ ಯಾರ ತಲೆಗೆ ಬರತ್ತೆ? ನಿಮ್ಮದೇ. ಬೆಳೆ ವಿಮೆಗೂ ಪರಿಹಾರಕ್ಕೂ ಆ ದಾಖಲೆ ನೋಡ್ತಾರೆ. ಅಡಿಕೆ ತೋಟದೊಳಗೆ, ಒದ್ದೆ ಸೋಗೆಯ ಕೆಳಗೆ ನಿಂತಾಗ ನೀಲಿ ಚುಕ್ಕಿ ಪಕ್ಕದವರ ಸರ್ವೆ ನಂಬರಿನಲ್ಲಿ ಹೋಗಿ ಕೂತ್ರೆ? ಉಪಗ್ರಹದ ಸಂಕೇತ ಗುಡ್ಡಕ್ಕೆ, ಮರಕ್ಕೆ ಬಡಿದು ತಿರುಗಿ ಬರೋದ್ರಿಂದ ಈ ಗೊಂದಲ. ಎಲ್1, ಎಲ್5 ಎರಡೂ ಕೇಳೋ ಚಿಪ್ ಇದ್ರೆ ಗೊಂದಲ ಕಡಿಮೆ. 2020ರ ಜನವರಿಯಲ್ಲಿ ಸ್ನ್ಯಾಪ್‌ಡ್ರಾಗನ್ 720ಜಿ, 662, 460 ಬಂದಾಗ ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಕೇಳೋ ಶಕ್ತಿ ಕೊಟ್ಟಿದ್ರು.

ಸೇವ್ ಮಾಡಿಟ್ಕೊಳ್ಳಿ. ಅಂಗಡಿಗೆ ಹೋಗೋ ಮುಂಚೆ ನೋಡೋ ಕ್ರಮ:

• ಮನೇಲಿ ಸಿಗೋ ಟವರ್ ಯಾರದ್ದು, ಯಾವ ಬ್ಯಾಂಡ್? ಅದು ಫೋನಲ್ಲಿದೆಯಾ?
• ಹಳೇ ಫೋನಿಗೆ ಏರೋಪ್ಲೇನ್ ಮೋಡ್ ಪರೀಕ್ಷೆ. ಅದರಲ್ಲಿ ಚುರುಕಿದ್ರೆ ಸುಸ್ತಾಗಿರೋದು ಫೋನಲ್ಲ, ನೆಟ್‌ವರ್ಕ್.
• 6 ನ್ಯಾನೋಮೀಟರ್ ಅಥವಾ ಕಡಿಮೆ.
• ಯುಎಫ್‌ಎಸ್ ಸ್ಟೋರೇಜ್.
• ದೊಡ್ಡ ಕೋರ್ ಎ76 ಅಥವಾ ಮೇಲಿನದು.
• ರ‍್ಯಾಮ್ ‘ಪ್ಲಸ್’ ಬಿಟ್ಟು ಎಷ್ಟು?
• ಬೆಂಚ್‌ಮಾರ್ಕ್ ಅಂಕ ಎಲ್ಲಕ್ಕಿಂತ ಕೊನೆಗೆ.

ಗೇಮ್ ಆಡೋರು ಇದನ್ನ ತಲೆಕೆಳಗೆ ಮಾಡಿ ಓದ್ಕೊಳ್ಳಿ, ಬೇಜಾರಿಲ್ಲ. ಆದ್ರೆ ಫೋನಿನ ದುಡ್ಡು ಅಮ್ಮನ ಡಬ್ಬಿಯಿಂದ ಬರ್ತಿದ್ರೆ, ಇದೇ ಕ್ರಮದಲ್ಲಿ ಓದಿ. ಟವರ್ ಇಲ್ಲದ ಊರಿಗೆ ಯಾವ ಚಿಪ್ಪೂ ಟವರ್ ತರಲ್ಲ. ಅದಕ್ಕೆ ಪಂಚಾಯ್ತಿಗೆ ಅರ್ಜಿ ಕೊಡಬೇಕು, ಇಎಂಐ ಅರ್ಜಿ ಅಲ್ಲ.

ಕಮೆಂಟಲ್ಲಿ ಮೂರೇ ವಿಷ್ಯ ಹಾಕಿ: ನಿಮ್ಮೂರು, ಮನೇಲಿ ಸಿಗೋ ಸಿಮ್, ಬಜೆಟ್. ಒಬ್ಬೊಬ್ಬರಿಗೂ ಉತ್ತರ ಕೊಡ್ತೀನಿ. ಕರೆಂಟ್ ಇದ್ರೆ ಇವತ್ತೇ, ಇಲ್ಲಾಂದ್ರೆ ಬಂದ ಮೇಲೆ.

#ಶಿರಸಿ #ಸಿದ್ದಾಪುರ #ಯಲ್ಲಾಪುರ #ಕನ್ನಡದಲ್ಲಿಟೆಕ್ #ಫೋನ್‌ಪುರಾಣ