ಹಳೆ ಅಕ್ಕಿಯ ಚೀಲವೂ ಅರ್ಥಶಾಸ್ತ್ರದ ಒಂದು ಪಾಠವೂ

ಕಳೆದ ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ತನ್ನ ಬಿ.ಎ. ಮೊದಲ ವರ್ಷದ ಅರ್ಥಶಾಸ್ತ್ರದ ಪುಸ್ತಕವನ್ನು ನನ್ನ ಮುಂದಿಟ್ಟು, "ಅಜ್ಜ, ನೀವು ಬಿ.ಕಾಂ. ಓದಿದವರು, ನಲವತ್ತು ವರ್ಷ ಅಂಗಡಿ ನಡೆಸಿದವರು. ಈ 'ಮಾಹಿತಿಯ ಅಸಮಾನತೆ' ಎಂದರೇನು, ಬಿಡಿಸಿ ಹೇಳಿ" ಎಂದಳು. ನಾವು ಕಾಲೇಜಿನಲ್ಲಿ ಕಲಿತದ್ದು ಬೇಡಿಕೆ-ಪೂರೈಕೆಯ ನಿಯಮ. ಸರಕಿನ ಗುಣ ಕೊಳ್ಳುವವನಿಗೂ ಮಾರುವವನಿಗೂ ಸಮನಾಗಿ ತಿಳಿದಿದೆ ಎಂದೇ ಆ ಪಾಠದ ನಂಬಿಕೆ. ಅದು ನಿಜವಲ್ಲವೆಂಬುದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಮೊದಲ ತಿಂಗಳಲ್ಲೇ ನನಗೆ ತಿಳಿದಿತ್ತು. ಅದರ ಪರಿಣಾಮ ಎಷ್ಟು ದೂರ ಹೋಗುತ್ತದೆಂಬುದು ಮಾತ್ರ ಅವಳ ಪುಸ್ತಕವನ್ನು ಓದಿದ ಮೇಲೆಯೇ ತಿಳಿಯಿತು.

ಈ ವಿಚಾರವನ್ನು ಸ್ಪಷ್ಟವಾಗಿ ನಿರೂಪಿಸಿದವರು ಅಮೆರಿಕದ ಜಾರ್ಜ್ ಅಕರ್ಲಾಫ್. ಬಳಸಿದ ಕಾರುಗಳ ಮಾರುಕಟ್ಟೆಯನ್ನು ನಿದರ್ಶನವಾಗಿಟ್ಟುಕೊಂಡು ಅವರು ಬರೆದ ಲೇಖನವನ್ನು ಮೂರು ವಿದ್ವತ್ಪತ್ರಿಕೆಗಳು ತಿರಸ್ಕರಿಸಿದವು. ನಾಲ್ಕನೆಯದು 1970ರಲ್ಲಿ ಪ್ರಕಟಿಸಿತು. 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಅವರೊಂದಿಗೆ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ನಮ್ಮ ದೇಶದ ಗೃಹಿಣಿಯರು ಸಂತೆಯ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ ಕಲ್ಲನ್ನು ಆರಿಸುವ ಪ್ರಸಂಗವೂ ಆ ಲೇಖನದಲ್ಲಿದೆಯೆಂದು ತಿಳಿದಾಗ ಅಕ್ಕಿ ವ್ಯಾಪಾರಿಯಾದ ನನಗೆ ನಾಚಿಕೆಯಾಯಿತು.

ವಿದ್ಯಾರ್ಥಿಗಳಿಗೆ ಇದನ್ನು ಹೀಗೆ ಹೇಳಬಹುದು. ಒಳ್ಳೆಯ ಅಕ್ಕಿಗೆ ಕಿಲೋಗೆ 60 ರೂಪಾಯಿ, ಬೆರಕೆಗೆ 40 ರೂಪಾಯಿ ಯೋಗ್ಯ ಬೆಲೆ ಎಂದುಕೊಳ್ಳೋಣ. ನೋಡಿದರೆ ಎರಡೂ ಒಂದೇ. ಯಾವುದು ಕೈಗೆ ಬರುವುದೋ ತಿಳಿಯದ ಗಿರಾಕಿ ನಡುವಿನ 50 ರೂಪಾಯಿ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಅಕ್ಕಿಯನ್ನು ಕೊಟ್ಟರೆ ನಷ್ಟ. ಆದ್ದರಿಂದ ಪ್ರಾಮಾಣಿಕನು ಸರಕನ್ನು ಹಿಂತೆಗೆದುಕೊಳ್ಳುತ್ತಾನೆ. ಉಳಿಯುವುದು ಬೆರಕೆ. ಇದನ್ನರಿತ ಗಿರಾಕಿ 40ಕ್ಕೆ ಇಳಿಯುತ್ತಾನೆ. ಒಳ್ಳೆಯದನ್ನು ಬಯಸುವವರೂ ಇದ್ದರು, ಬೆಳೆದವರೂ ಇದ್ದರು. ಆದರೆ ನಡುವೆ ವ್ಯಾಪಾರವೇ ಇಲ್ಲವಾಯಿತು. ಕೆಲವೆಡೆ ಹೆಚ್ಚು ತಿಳಿದವನು ಕೊಳ್ಳುವವನೇ ಆಗಿರುತ್ತಾನೆ: ಆರೋಗ್ಯ ವಿಮೆಯಲ್ಲಿ ತನ್ನ ರೋಗವನ್ನು ಬಲ್ಲವನು ಪಾಲಿಸಿ ಪಡೆಯುವವನೇ ಹೊರತು ಕಂಪನಿಯಲ್ಲ.

ಇಷ್ಟು ಹೇಳಿದ ಮೇಲೆ, ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಮೊಮ್ಮಗಳಿಗೆ ಹೇಳಬೇಕಾಯಿತು. 1979ರಲ್ಲಿ ಬಿ.ಕಾಂ. ಮುಗಿಸಿ ತಂದೆಯವರ ಅಂಗಡಿಗೆ ಸೇರಿದ ಮರುವರ್ಷದ ಮಾತು. ಹಳೆ ಅಕ್ಕಿಗೆ ಕಿಲೋಗೆ ನಾಲ್ಕಾಣೆ ಹೆಚ್ಚು ಸಿಗುತ್ತಿತ್ತು. ಅದರ ಅನ್ನ ಮುದ್ದೆಯಾಗುವುದಿಲ್ಲ, ಒದಗುತ್ತದೆ. ನಾನು ಮೂರು ಪಾಲು ಹಳೆಯದಕ್ಕೆ ಒಂದು ಪಾಲು ಹೊಸದನ್ನು ಬೆರೆಸಿ ಹಳೆಯದರ ಬೆಲೆಗೇ ಮಾರಿದೆ. ಹತ್ತು ಮಂದಿ ವಿದ್ಯಾರ್ಥಿಗಳಿಗೆ ಅಡುಗೆ ಮಾಡಿ ಹಾಕಿ ಜೀವನ ನಡೆಸುತ್ತಿದ್ದ ವೃದ್ಧೆಯೊಬ್ಬರು ಎರಡು ತಿಂಗಳು ಅದನ್ನೇ ಕೊಂಡರು. ಮೂರನೆಯ ತಿಂಗಳು ಬಂದು, ಜಗಳವಾಡದೆ, "ಹಳೆ ಅಕ್ಕಿ ಅನ್ನುವುದು ಈಗ ಎಲ್ಲಿಯೂ ಇಲ್ಲ ಬಿಡಿ, ಹೊಸದನ್ನೇ ಕೊಡಿ" ಎಂದರು. ಒಳಗಿದ್ದ ತಂದೆಯವರು ಆ ಮಾತನ್ನು ಕೇಳಿಸಿಕೊಂಡು ಚೀಲ ಬಿಚ್ಚಿ ನೋಡಿದರು. "ತೂಕ ಸರಿಯಾಗಿದೆ, ಮಾತು ಸರಿಯಿಲ್ಲ" ಎಂದಷ್ಟೇ ನುಡಿದು, ಉಳಿದುದನ್ನೆಲ್ಲ ಹೊಸ ಅಕ್ಕಿಯ ಬೆಲೆಗೆ ಮಾರಿಸಿದರು.

ಆ ತಾಯಿಗೆ ಆದ ನಷ್ಟವನ್ನು ತಂದೆಯವರು ಮರುದಿನವೇ ಹಿಂದಿರುಗಿಸಿದರು. ಅಲ್ಲಿಗೆ ಲೆಕ್ಕ ಚುಕ್ತಾ ಆಯಿತೆಂದು ನಾನು ಇಷ್ಟು ಕಾಲ ತಿಳಿದಿದ್ದೆ. ಆದರೆ ನಮ್ಮ ಬೀದಿಯಲ್ಲೇ ಇನ್ನೊಬ್ಬ ವ್ಯಾಪಾರಿ ಇದ್ದರು. ಅವರು ಭತ್ತವನ್ನು ವರ್ಷಕಾಲ ಕಾಪಿಟ್ಟು, ಬಡ್ಡಿ, ಹುಳು, ಒಣಗಿ ಇಳಿಯುವ ತೂಕ, ಇವೆಲ್ಲವನ್ನೂ ಸಹಿಸಿ ನಿಜವಾದ ಹಳೆ ಅಕ್ಕಿಯನ್ನೇ ಮಾರುತ್ತಿದ್ದರು. ಎರಡು ವರ್ಷಗಳಲ್ಲಿ ಅವರು ಅದನ್ನು ಇಡುವುದನ್ನೇ ಬಿಟ್ಟರು. ಕೇಳಿದಾಗ, "ಜನ ನಂಬುವುದಿಲ್ಲ" ಎಂದಿದ್ದರು. ಹಾಗೆ ಬೆರೆಸಿದವನು ನಾನೊಬ್ಬನೇ ಆಗಿರಲಾರೆ. ಆದರೆ ಆ ಬೆರೆಸಿದವರಲ್ಲಿ ನಾನೂ ಒಬ್ಬ. ವಂಚನೆಯ ಬೆಲೆ ಮೋಸಹೋದವನ ಹಣವಷ್ಟೇ ಅಲ್ಲ, ಪ್ರಾಮಾಣಿಕ ವ್ಯಾಪಾರವು ಅಳಿಯುವುದೂ ಅದರಲ್ಲಿ ಸೇರಿದೆ ಎಂದು ಅಕರ್ಲಾಫ್ ಹೇಳುವುದು ಇದನ್ನೇ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಅಳತೆ-ತೂಕಗಳ ವಂಚನೆಯನ್ನು ಒಂದಾಗಿಯೂ, ಪ್ರತಿರೂಪಕ ವ್ಯವಹಾರವನ್ನು, ಅಂದರೆ ಬೆರಕೆಯ ಸರಕನ್ನು ಅಸಲೆಂದು ಮಾರುವುದನ್ನು, ಮತ್ತೊಂದಾಗಿಯೂ ಎಣಿಸುತ್ತದೆ. ತಕ್ಕಡಿ ನೇರವಾಗಿದ್ದರೆ ವ್ರತಕ್ಕೆ ಭಂಗವಿಲ್ಲವೆಂದು ತಿಳಿದಿದ್ದ ನನಗೆ, ಈ ಎರಡನ್ನು ಬೇರೆಬೇರೆಯಾಗಿ ಹೇಳಿದ್ದೇಕೆಂಬುದು ಈಗ ಅರ್ಥವಾಗುತ್ತಿದೆ.

ಪರಿಹಾರಗಳಿಲ್ಲವೆಂದಲ್ಲ. ಖಾತರಿ ಪತ್ರ, ಹೆಸರಾದ ಗುರುತು, ಪರವಾನಗಿ, ಇವೆಲ್ಲ ಆ ಅಂತರವನ್ನು ತುಂಬಲು ಹುಟ್ಟಿದವು. ನಮ್ಮಲ್ಲಿ ಕೃಷಿ ಉತ್ಪನ್ನಗಳಿಗೆ ಆಗ್‌ಮಾರ್ಕ್ ಮುದ್ರೆಯ ಕಾನೂನು 1937ರಲ್ಲಿ ಬಂತು. 1954ರ ಕಲಬೆರಕೆ ತಡೆ ಕಾಯಿದೆಯ ಸ್ಥಾನವನ್ನು 2006ರ ಆಹಾರ ಸುರಕ್ಷತಾ ಕಾಯಿದೆ ಪಡೆಯಿತು. ಅವು ಬೇಕು. ಆದರೆ ಬಿಡಿಯಾಗಿ ತೂಗಿ ಕೊಡುವ ಪ್ರತಿ ಚೀಲದ ಬಳಿಯೂ ಅಧಿಕಾರಿಯನ್ನು ನಿಲ್ಲಿಸಲಾಗದು. ಅಲ್ಲಿ ನಿಲ್ಲುವವನು ವ್ಯಾಪಾರಿಯೇ. ಅನ್ನದಾನಕ್ಕೆ ಧಾನ್ಯ ಕೊಳ್ಳುವ ನಮ್ಮ ಬಸದಿಗಳ ಟ್ರಸ್ಟಿನವರೂ ಒಂದು ಮಾತನ್ನು ನೆನೆಯಬೇಕು: ಗುಣವನ್ನು ನೋಡದೆ ಕಡಿಮೆ ದರಕ್ಕಷ್ಟೇ ಒಪ್ಪುವುದೆಂದರೆ, ಒಳ್ಳೆಯ ಸರಕು ಇಟ್ಟವನನ್ನು ನಾವೇ ಬಾಗಿಲಿನಿಂದ ಹಿಂದೆ ಕಳುಹಿಸಿದಂತೆ.

ಎಲ್ಲವನ್ನೂ ಕೇಳಿದ ಮೊಮ್ಮಗಳು, "ಆ ಪಕ್ಕದ ಅಂಗಡಿಯವರಿಗೆ ಇದನ್ನು ಹೇಳಿದಿರಾ, ಅಜ್ಜ?" ಎಂದಳು. ಹೇಳಿರಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಮಕ್ಕಳು ಈ ಪತ್ರಿಕೆಯನ್ನು ಓದುತ್ತಾರೆ. ಆದ್ದರಿಂದ ಇಲ್ಲಿ ಬರೆದಿದ್ದೇನೆ.