ಲಟ್ಟಣಿಗೆ ಮತ್ತು ಬೀಗದ ಕೈ

ನಮ್ಮ ಅಡಿಗೆಮನೆಯಲ್ಲಿ ಒಂದು ಹಳೆಯ ಲಟ್ಟಣಿಗೆಯಿದೆ. ಒಂದು ತುದಿ ಸೀಳಿಹೋಗಿದೆ, ಚಪಾತಿಗೆ ಬಾರದು. ಆದರೂ ಅದನ್ನು ಎಸೆಯಲು ಅಮ್ಮ ಬಿಡುವುದಿಲ್ಲ. "ಅದು ಮೋರ್ಚಾಕ್ಕೆ ಹೋದದ್ದು ಮಗಾ" ಎನ್ನುತ್ತಾರೆ.

ಕುಂದಾಪುರದ ಕಡೆಯಿಂದ ಮದುವೆಯಾಗಿ 1971ರಲ್ಲಿ ಗೋರೆಗಾಂವಿನ ಚಾಳಿಗೆ ಬಂದಾಗ ಅಮ್ಮನಿಗೆ ಮರಾಠಿಯ ಗಂಧವೂ ಇರಲಿಲ್ಲ. ಮರುವರ್ಷವೇ ಮಹಾರಾಷ್ಟ್ರದಲ್ಲಿ ಬರಗಾಲ. ಸಕ್ಕರೆಗೆ ಕ್ಯೂ, ಎಣ್ಣೆಗೆ ಕ್ಯೂ, ಸೀಮೆಎಣ್ಣೆಗಂತೂ ಕೇಳುವುದೇ ಬೇಡ. ಮೃಣಾಲ್ ಗೋರೆ, ಅಹಿಲ್ಯಾ ರಾಂಗ್ಣೇಕರ್, ತಾರಾ ರೆಡ್ಡಿ ಮೊದಲಾದವರು ಪಕ್ಷಭೇದ ಬದಿಗಿಟ್ಟು 1972ರಲ್ಲಿ ಬೆಲೆಯೇರಿಕೆಯ ವಿರುದ್ಧ ಮಹಿಳಾ ಸಮಿತಿ ಕಟ್ಟಿದಾಗ ಚಾಳಿನ ಹೆಂಗಸರ ಹಿಂದೆ ಅಮ್ಮನೂ ಹೊರಟರು. ತಟ್ಟೆ ಬಡಿದರು, ಲಟ್ಟಣಿಗೆ ಎತ್ತಿದರು. ಗೋರೆಗಾಂವಿನ ನೀರಿಗಾಗಿ ಹೋರಾಡಿ 'ಪಾಣಿವಾಲಿ ಬಾಯಿ' ಎನಿಸಿಕೊಂಡಿದ್ದ ಮೃಣಾಲ್ ಅವರನ್ನು ಎಲ್ಲರೂ 'ತಾಈ' ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ಅಮ್ಮ ಮಾತ್ರ ಅದನ್ನು ನಮ್ಮ ಕನ್ನಡದ ತಾಯಿಯೆಂದೇ ಬಹಳ ಕಾಲ ತಿಳಿದಿದ್ದರಂತೆ. ಅವರು ತನಗಿಂತ ಇಪ್ಪತ್ತು ವರ್ಷಕ್ಕೂ ಹಿರಿಯರಾದ್ದರಿಂದ ಸಂಶಯಕ್ಕೆ ಎಡೆಯೇ ಬರಲಿಲ್ಲ.

1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂತು. ಮೃಣಾಲ್ ತಾಈ ಭೂಗತರಾದರು. ಡಿಸೆಂಬರಿನಲ್ಲಿ ಸಿಕ್ಕಿಬಿದ್ದು ಜೈಲು ಸೇರಿದರು. ಆಮೇಲೆ ನಿಮ್ಮ ಚಾಳಿನಲ್ಲಿ ಏನಾಯಿತೆಂದು ಕೇಳಿದರೆ ಅಮ್ಮನದು ಒಂದೇ ಮಾತು: "ಯಾರೂ ಕರೀಲಿಲ್ಲ, ನಾವೂ ಹೋಗ್ಲಿಲ್ಲ." 1977ರ ಚುನಾವಣೆಯಲ್ಲಿ ಮೃಣಾಲ್ ತಾಈ ಗೆದ್ದರು, ಅಹಿಲ್ಯಾ ಅವರೂ ಗೆದ್ದರು, ಇಬ್ಬರೂ ಲೋಕಸಭೆಗೆ ಹೋದರು. ನೀರಿನ ಬಾಯಿ ದಿಲ್ಲಿಗೆ, ದಿಲ್ಲಿಯ ಬಾಯಿ ನೀರಿಗೆ ಎಂದು ಜನ ಕುಣಿದಾಡಿದರಂತೆ. ಅಮ್ಮನೂ ಪೇಡೆ ಹಂಚಿದ್ದರು. ಆದರೆ ಓಣಿಯ ಸಭೆ ಕರೆಯುವವರು ಯಾರು? ಮುಂದೆ ಅದೇ ಮೃಣಾಲ್ ತಾಈ ನಗರಿ ನಿವಾರಾ ಪರಿಷತ್ತಿನ ಮೂಲಕ ದಿಂಡೋಶಿಯಲ್ಲಿ ಸಾವಿರಾರು ಕುಟುಂಬಗಳಿಗೆ ಮನೆಯಾಗಲು ದುಡಿದರು. ಅವರು ಜನರನ್ನು ಮರೆತರೆಂದರೆ ನಾಲಿಗೆ ಬಿದ್ದೀತು. ಅಮ್ಮನ ಓಣಿಯಲ್ಲಿ ಮಾತ್ರ ತಟ್ಟೆಯ ಸದ್ದು ಮತ್ತೆ ಅಷ್ಟು ಜೋರಾಗಿ ಏಳಲಿಲ್ಲ.

ನಾನು ಇದನ್ನೆಲ್ಲ ಬರೆಯುತ್ತಿರುವುದಕ್ಕೆ ಬೇರೆಯೇ ಕಾರಣವಿದೆ. ಗೋರೆಗಾಂವು ಬಿಟ್ಟು ನಾವು ಬಂದು ನೆಲೆಸಿದ ಉಪನಗರದ ಹೆಸರು ಬೇಡ. ನೀರಿನ ಕೊಳವೆಯ ಕಟ್ಟಕಡೆಯಲ್ಲಿ ನಮ್ಮ ಏಳು ಕಟ್ಟಡಗಳಿವೆ. ಮೇಲಿನವರು ಕೊಳವೆಗೇ ಪಂಪು ಕೂರಿಸಿ ಎಳೆದರೆ ಕಡೆಯವರಿಗೆ ಗಾಳಿ ಬರುತ್ತದೆ. ಇದನ್ನು ತಿಳಿಯಲು ನನ್ನ ಬಿ.ಎಸ್ಸಿ. ಬೇಕಾಗಿರಲಿಲ್ಲ. 2016ರಲ್ಲಿ ಸಮಿತಿ ಮಾಡಿದೆವು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಅವರು ಎಂಜಿನಿಯರರ ಎದುರು ಕುಳಿತು ಮಾತಾಡುವ ರೀತಿಯೇ ಬೇರೆ. ಎರಡು ವರ್ಷ ಓಡಾಡಿ, ನಮ್ಮ ಗಲ್ಲಿಗೆ ಪ್ರತ್ಯೇಕ ಕೊಳವೆ ಹಾಕುವ ಪ್ರಸ್ತಾವವನ್ನು ಕಾಗದದ ಮೇಲೆ ತಂದರು.

2018ರಲ್ಲಿ ಮಗಳ ಬಾಣಂತನಕ್ಕೆಂದು ದಂಪತಿಗಳು ಅಮೆರಿಕಕ್ಕೆ ಹೋದರು. ಹೋಗಬಾರದೆಂದು ಯಾರು ಹೇಳುತ್ತಾರೆ? ಹೊರಡುವಾಗ "ನೀವೆಲ್ಲ ನೋಡಿಕೊಳ್ಳಿ" ಎಂದರು. ಎಲ್ಲರಿಗೂ ಹೇಳಿದ್ದರಿಂದ ಯಾರಿಗೂ ಹೇಳಿದಂತಾಗಲಿಲ್ಲ. ಫೈಲು, ಮೊಹರು ಅವರ ಕಪಾಟಿನಲ್ಲಿ; ಕಪಾಟು ಬೀಗ ಹಾಕಿದ ಮನೆಯಲ್ಲಿ. ಮೊದಲ ತಿಂಗಳು ಸಭೆಗೆ ಹನ್ನೆರಡು ಜನ ಬಂದರು, ಎರಡನೆಯದಕ್ಕೆ ಐದು. ಫೋನಿನಲ್ಲಿ ಕೇಳಿದರೆ "ನಾನು ಬಂದ ಮೇಲೆ ನೋಡೋಣ" ಎಂಬ ಉತ್ತರ.

ಅಷ್ಟರಲ್ಲಿ ಕಚೇರಿಯಿಂದ ಪತ್ರ ಬಂತು. ಏಳು ಸೊಸಾಯಿಟಿಗಳ ಒಪ್ಪಿಗೆಪತ್ರಗಳನ್ನು ಸಮಿತಿಯ ಸಹಿಯೊಂದಿಗೆ ಇಂಥ ದಿನದೊಳಗೆ ಕೊಡಬೇಕು. ಸಹಿ ಯಾರದು? ಮೂರನೆಯ ಮಹಡಿಯಲ್ಲಿ ವಿಜಯಪುರದ ಕಡೆಯ ಅಕ್ಕ ಒಬ್ಬರಿದ್ದರು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ, ಚಟ್ನಿಪುಡಿ ಮಾರಿ ಮಗನನ್ನು ಓದಿಸುತ್ತಿದ್ದವರು. ಹೆಂಗಸರನ್ನು ಸಭೆಗೆ ಕರೆತರುತ್ತಿದ್ದವರೂ ಅವರೇ. ಅವರು ಬಂದು, "ನೀವs ಮಾಡ್ರಿ ಅಣ್ಣಾರ, ನಿಮ್ಮ ಸಹಿ ನಡಿತೈತಿ" ಎಂದರು. ನಾನು ಕೇಂದ್ರ ಸರಕಾರದ ನೌಕರ, ನಡತೆ ನಿಯಮಗಳಿವೆ, ಮುಂದೆ ನಿಂತರೆ ತೊಂದರೆಯಾದೀತು ಎಂದು ಹೇಳಿ ಕಳಿಸಿದೆ. ಆ ಹೊತ್ತಿಗೆ ನಾನು ನಿಯಮಗಳನ್ನು ತೆರೆದು ನೋಡಿರಲಿಲ್ಲ. ಆಮೇಲೆ ನೋಡಿದೆ. ಗೌರವಾರ್ಥವಾಗಿ ಮಾಡುವ ಸಾಮಾಜಿಕ ಕೆಲಸಕ್ಕೆ ಮುಂಚಿತ ಅನುಮತಿಯೂ ಬೇಡವೆಂದು 1964ರ ನಿಯಮಗಳಲ್ಲೇ ಇದೆ.

ಗಡುವು ದಾಟಿತು. ಕೊಳವೆ ಪಕ್ಕದ ಗಲ್ಲಿಗೆ ಹೋಯಿತು. ನಮಗೆ ಟ್ಯಾಂಕರು, ಮನೆಗೆ ತಿಂಗಳಿಗೆ 600 ರೂಪಾಯಿ. ಸಂಬಳದವರು ಗೊಣಗುತ್ತ ಕೊಟ್ಟೆವು. ರೊಟ್ಟಿಯ ಅಕ್ಕನಿಗೆ ದುಡ್ಡಿಗಿಂತ ನೀರು ಹೊರುವುದೇ ಹೊರೆಯಾಯಿತು. ಬೆಳಗಿನ ಹೊತ್ತು ಮೆಟ್ಟಿಲಲ್ಲೇ ಕಳೆದರೆ ರೊಟ್ಟಿ ತಟ್ಟುವುದು ಯಾವಾಗ? ದೀಪಾವಳಿಗೆ ಮೊದಲೇ ಮನೆ ಖಾಲಿ ಮಾಡಿ ಕಲ್ಯಾಣದ ಕಡೆ ಹೋದರು. ಹೋಗುವ ಹಿಂದಿನ ದಿನ ಅಮ್ಮನಿಗೆ ಹತ್ತು ರೊಟ್ಟಿ ಕೊಟ್ಟು ಕಾಲು ಮುಟ್ಟಿದರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು.

ಡಿಸೆಂಬರಿನಲ್ಲಿ ಅಧ್ಯಕ್ಷರು ಮರಳಿದರು. ಮಕ್ಕಳಿಗೆ ಚಾಕಲೇಟು ಹಂಚಿ, "ಎಲ್ಲಿಗೆ ಬಂತು ನಮ್ಮ ಕೊಳವೆ?" ಎಂದು ಕೇಳಿದರು. ಹೇಳಿದೆ. ಪಾಪ, ಕುರ್ಚಿಯಲ್ಲಿ ಕುಸಿದು ಕುಳಿತರು. "ಬೀಗದ ಕೈ ನಿಮ್ಮಮ್ಮನ ಹತ್ತಿರವೇ ಕೊಟ್ಟು ಹೋಗಿದ್ದೆನಲ್ಲ, ತುಳಸಿಗೆ ನೀರು ಹಾಕಲು" ಎಂದರು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಕೈ ಲಟ್ಟಣಿಗೆಯ ಡಬ್ಬದಲ್ಲೇ ಇತ್ತು. ಆರು ತಿಂಗಳೂ ದಿನಾ ಹೋಗಿ ತುಳಸಿಗೆ ನೀರು ಹಾಕಿ ಬಂದಿದ್ದಾರೆ, ನಮ್ಮ ಟ್ಯಾಂಕರಿನ ನೀರನ್ನೇ.

"ನನಗೆ ಯಾಕೆ ಹೇಳಲಿಲ್ಲಮ್ಮಾ?"

"ನೀನು ಕೇಳ್ಲೇ ಇಲ್ಲ ಅಲ್ದಾ ಮಗಾ" ಎಂದರು.